ಹಿಮ್ಮಡಿಯಿಂದ ಚಿಮ್ಮುವ ಗರಸಿಗೆ ಒಂದು ತುಂಡು ಬಟ್ಟೆ

ಕಾಡುದಾರಿಯಲ್ಲಿ ಓಡುವವರ ಶೂ ಒಳಗೆ ಕಲ್ಲು ಎಲ್ಲಿಂದ ಬರುತ್ತದೆ? ಎದುರಿನಿಂದ ಎಂದುಕೊಳ್ಳುವವರೇ ಹೆಚ್ಚು. ಹಿಂದಿನಿಂದಲೂ ಬರುತ್ತದೆ, ಅದೂ ನಮ್ಮ ಕಾಲೇ ಎಸೆದದ್ದು. ಪಾದ ನೆಲ ಬಿಟ್ಟು ಏಳುವಾಗ ಹಿಮ್ಮಡಿ ಎಗರುತ್ತದೆ. ಶೂ ಅಡಿಯ ಹಲ್ಲುಗಳಲ್ಲಿ ಸಿಕ್ಕಿಕೊಂಡ ಗರಸು ಮೇಲಕ್ಕೆ ಚಿಮ್ಮಿ ಕಾಲುಚೀಲಕ್ಕೆ ಬಡಿದು ಶೂ ಕಂಠದ ಸಂದಿಯಲ್ಲಿ ಇಳಿಯುತ್ತದೆ. ಇಳಿಜಾರಿನಲ್ಲಿ ಹೆಜ್ಜೆ ಬಿರುಸಾದಷ್ಟೂ ಈ ಎಸೆತ ಜೋರು. ಮೊದಲ ಕಿಲೋಮೀಟರಿನಲ್ಲಿ ಬರೀ ಕಿರಿಕಿರಿ. ಬೆವರಿಗೆ ನೆನೆದ ಕಾಲುಚೀಲಕ್ಕೂ ಚರ್ಮಕ್ಕೂ ನಡುವೆ ಅದೇ ಕಣ 10 ಕಿ.ಮೀ. ಉಜ್ಜಿದರೆ ಬೊಬ್ಬೆ. ಬೊಬ್ಬೆ ಎದ್ದವರು ಪಾದ ವಾರೆ ಊರುತ್ತಾರೆ, ವಾರೆ ಊರಿ ಮಂಡಿ ನೋಯಿಸಿಕೊಳ್ಳುತ್ತಾರೆ.

ಇದಕ್ಕೆ ಮದ್ದು ಗೇಟರ್. ಹಿಮದಲ್ಲಿ ಚಾರಣ ಮಾಡುವವರು ಮಂಡಿವರೆಗೆ ಬಿಗಿಯುವ ದಪ್ಪನೆಯ ಕವಚವೂ ಗೇಟರೇ. ಓಟಗಾರರದ್ದು ಬೇರೆ: ಕೈಗೆ ತೂಕವೇ ತಿಳಿಯದಷ್ಟು ಹಗುರವಾದ, ಹಿಗ್ಗುವ ಬಟ್ಟೆಯ ಗಿಡ್ಡ ತೋಳು. ಮೇಲಂಚು ಕಣಕಾಲನ್ನು ಅಪ್ಪಿಕೊಂಡಿರುತ್ತದೆ, ಕೆಳಂಚು ಶೂ ಕಂಠವನ್ನು ಮುಚ್ಚುತ್ತದೆ. ಮುಂದೆ ಒಂದು ಹುಕ್ಕು ಲೇಸಿಗೆ ಸಿಕ್ಕಿಕೊಂಡರೆ, ಹಿಂದೆ ಒಂದು ವೆಲ್ಕ್ರೋ ತುಂಡು ಹಿಮ್ಮಡಿಗೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಡರ್ಟಿ ಗರ್ಲ್ ಎಂಬ ಹೆಸರಿನ ಗೇಟರ್‌ಗಳು ಈ ವಿನ್ಯಾಸವನ್ನು ಬಣ್ಣಬಣ್ಣದ ಚಿತ್ತಾರಗಳಲ್ಲಿ ತಂದು ಅಲ್ಟ್ರಾ ಓಟಗಾರರ ಕಾಲಿಗೆ ಮೆಚ್ಚುಗೆಯಾಗಿಸಿದವು. ಅಲ್ಟ್ರಾ ಓಟ ಎಂದರೆ ಮ್ಯಾರಥಾನಿನ 42.195 ಕಿ.ಮೀ. ಮೀರಿದ್ದು. ಅಲ್ಲಿಂದ ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ ಸೇರಿ ಬಟ್ಟೆಗಿಂತ ಖರ್ಚೇ ಭಾರ. ಅಷ್ಟು ಕೊಡುವ ಅಗತ್ಯವೂ ಇಲ್ಲ. ಓವರ್‌ಲಾಕ್ ಮೆಷಿನ್ ಇಟ್ಟುಕೊಂಡ ಬೀದಿ ಕೊನೆಯ ಟೈಲರ್ ಒಂದು ಮಧ್ಯಾಹ್ನದಲ್ಲಿ ಹೊಲಿದು ಕೊಡಬಲ್ಲರು. ಮನೆಯಲ್ಲಿ ಜಿಗ್‌ಜಾಗ್ ಹೊಲಿಗೆ ಬರುವ ಮೆಷಿನ್ ಇದ್ದರೆ ನೀವೇ ಹೊಲಿಯಬಹುದು.

ಹೀಗೆ ಹೊಲಿದುಕೊಂಡ ಜೋಡಿಯ ಮೇಲು ಇರುವುದು ಅಗ್ಗದ ಬೆಲೆಯಲ್ಲಲ್ಲ, ಅಳತೆಯಲ್ಲಿ. ಗೇಟರ್ ಕೆಲಸ ಮಾಡುವುದು ನಿಮ್ಮ ಶೂಗೆ ಅದು ಕೂತ ರೀತಿಯಿಂದ. ಅಂಗಡಿಯದು ಎಸ್, ಎಂ, ಎಲ್ ಎಂದು ಕಾಲಿನ ಗಾತ್ರ ನೋಡುತ್ತದೆ. ನಿಮ್ಮ ಶೂವಿನ ಹಿಮ್ಮಡಿ ಎಷ್ಟು ಎತ್ತರ, ಕಟ್ಟಕಡೆಯ ಲೇಸು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ

ರಾಮನಗರ, ಸಾವನದುರ್ಗದ ಕಡೆ ಬೆಣಚುಕಲ್ಲಿನ ಪುಡಿ ಉದುರುವ ದಾರಿಗಳಲ್ಲಿ ಬೇಕು. ಬೆಂಗಳೂರಿನ ತುರಹಳ್ಳಿ ಕಾಡಿನ ಒಣ ಮಣ್ಣಿನಲ್ಲಿ ಬೇಸಗೆಯಿಡೀ ಬೇಕು. ಮಲ್ನಾಡ್ ಅಲ್ಟ್ರಾ ಓಟ ನಡೆಯುವ ಕಾಫಿ ತೋಟಗಳ ದಾರಿಯಲ್ಲಿ ತರಗೆಲೆ, ಕಡ್ಡಿ, ಕೆಸರಿನ ಚಿಕ್ಕ ಉಂಡೆಗಳಿಗಾಗಿ ಬೇಕು. ಉತ್ತರಾಣಿ, ನೆಗ್ಗಿಲು ಮುಳ್ಳಿನ ಬಯಲುಗಳಲ್ಲಂತೂ ಗೇಟರ್ ಇಲ್ಲದಿದ್ದರೆ ಮನೆಗೆ ಬಂದು ಕಾಲುಚೀಲದಿಂದ ಮುಳ್ಳು ಬಿಡಿಸುತ್ತ ಕೂರುವುದೇ ಒಂದು ಕಸುಬು. ಡಾಂಬರು ರಸ್ತೆಯ ಓಟಕ್ಕೆ ಬೇಡವೇ ಬೇಡ, ಕಾಲು ಬೆವರುವುದಷ್ಟೇ ಲಾಭ.

ಮರುಭೂಮಿಯ ಕಥೆಯೇ ಬೇರೆ. 1986ರಲ್ಲಿ ಶುರುವಾದ ಮೊರಾಕ್ಕೊದ ಮ್ಯಾರಥಾನ್ ದ ಸಾಬ್ಲ್, ಸಹಾರಾ ಮರಳಿನಲ್ಲಿ ಹಲವು ದಿನಗಳಲ್ಲಿ ಸುಮಾರು 250 ಕಿ.ಮೀ. ಕ್ರಮಿಸುವ ಓಟ. ನಯವಾದ ಮರಳು ಶೂವಿನ ಜಾಲರಿಯ ಮೂಲಕವೇ ನುಗ್ಗುವುದರಿಂದ ಅಲ್ಲಿನವರು ಇಡೀ ಶೂವನ್ನು ಮುಚ್ಚುವ, ಪ್ಯಾರಾಚೂಟ್ ಬಟ್ಟೆಯಂಥ ತೆಳು ಬಿಗಿನೇಯ್ಗೆಯ ಗೇಟರ್ ತೊಡುತ್ತಾರೆ. ಅದನ್ನು ಹಿಡಿದಿಡಲು ಶೂವಿನ ಸುತ್ತ ವೆಲ್ಕ್ರೋ ಪಟ್ಟಿಯನ್ನು ಮೊದಲೇ ಹೊಲಿಸಿಕೊಂಡು ಹೋಗುತ್ತಾರೆ. ನಮ್ಮ ದಾರಿಗಳಿಗೆ ಅಷ್ಟು ರಕ್ಷಣೆ ಅತಿಯಾಯಿತು. ಮಳೆಯಲ್ಲಿ ಅಂಥದ್ದನ್ನು ಹಾಕಿದರೆ ಒಳಗೆ ಬಂದ ನೀರು ಹೊರಗೆ ಹೋಗಲು ಪರದಾಡುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಈ ಗಿಡ್ಡ ಗೇಟರ್ ನೀರು ತಡೆಯುವುದಿಲ್ಲ, ಕಾಲು ಉಳುಕದಂತೆ ಕಾಯುವುದಿಲ್ಲ, ಇಂಬಳವನ್ನಂತೂ ನಿಲ್ಲಿಸುವುದೇ ಇಲ್ಲ. ಇಂಬಳ ಬಟ್ಟೆಯ ಮೇಲೆ ಹತ್ತಿಕೊಂಡು ಮೇಲಂಚು ದಾಟಿ ಚರ್ಮ ಸೇರುತ್ತದೆ. ಅದಕ್ಕೆ ಒತ್ತು ನೇಯ್ಗೆಯ ಹತ್ತಿಬಟ್ಟೆಯಲ್ಲಿ ಮಂಡಿವರೆಗೆ ಹೊಲಿದ ಲೀಚ್ ಸಾಕ್ಸೇ ಬೇಕು.

ಬಟ್ಟೆ, ಸೂಜಿ, ಅಳತೆ

ಅಂಗಡಿಯಲ್ಲಿ ಸ್ಪ್ಯಾಂಡೆಕ್ಸ್, ಲೈಕ್ರಾ, ಇಲಾಸ್ಟೇನ್ ಎಂದು ಮೂರು ಹೆಸರು ಕೇಳಿಸುತ್ತವೆ. ಮೂರೂ ಒಂದೇ ಬಗೆಯ ನೂಲು. ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಪಾಲಿಯುರಿಥೇನ್ ಜಾತಿಯ ಎಳೆ ಇದು. ಗೇಟರಿಗೆ ಬೇಕಾದದ್ದು ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವ, ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಶೇ 15ರಿಂದ 20ರಷ್ಟು ಇಲಾಸ್ಟೇನ್ ಬೆರೆತ ಬಟ್ಟೆ. ಈಜುಡುಗೆ, ವ್ಯಾಯಾಮದ ಲೆಗ್ಗಿಂಗ್ಸ್ ಹೊಲಿಯುವ ಬಟ್ಟೆ ಕೇಳಿದರೆ ಸಾಕು. ಬೆಂಗಳೂರಿನ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಅರ್ಧ ಮೀಟರ್ ಕೊಂಡರೆ ಒಂದಲ್ಲ, ಎರಡು ಜೋಡಿ ಆಗುತ್ತದೆ. ಇನ್ನೂ ಸುಲಭ ಬೇಕೆಂದರೆ, ಮಂಡಿಯ ಬಳಿ ಹರಿದ ಹಳೆಯ ಟೈಟ್ಸಿನ ಕೆಳಭಾಗ ಕತ್ತರಿಸಿ ಬಳಸಿ. ಆದರೆ ಅದರ ಹಿಗ್ಗು ಸತ್ತಿರಬಾರದು. ಸಾದಾ ಹೊಸೈರಿ ಹತ್ತಿಬಟ್ಟೆ ಬೇಡ. ನೆನೆದರೆ ಭಾರವಾಗಿ ಜೋತುಬೀಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.

ಅಳತೆಯನ್ನು ಓಡುವ ಕಾಲುಚೀಲ, ಓಡುವ ಶೂ ಹಾಕಿಕೊಂಡೇ ತೆಗೆದುಕೊಳ್ಳಿ. ಮೂರು ಅಳತೆ ಸಾಕು. ಕಾಲುಗಂಟಿನಿಂದ ಸುಮಾರು 10 ಸೆಂ.ಮೀ. ಮೇಲೆ ಕಾಲಿನ ಸುತ್ತಳತೆ ಮೊದಲನೆಯದು. ಕಾಲ್ಬೆರಳಿನ ಕಡೆಯ ಕೊನೆಯ ಲೇಸಿನಿಂದ ಹೊರಟು ಶೂವಿನ ಪಕ್ಕದಗುಂಟ ಹಿಮ್ಮಡಿ ಬಳಸಿ ಮತ್ತೆ ಅದೇ ಲೇಸಿಗೆ ಬರುವ ಸುತ್ತಳತೆ ಎರಡನೆಯದು. ಹಿಮ್ಮಡಿಯಲ್ಲಿ ವೆಲ್ಕ್ರೋ ಕೂರುವ ಜಾಗದಿಂದ ಮೇಲಂಚಿನವರೆಗಿನ ಎತ್ತರ ಮೂರನೆಯದು. ಎರಡೂ ಸುತ್ತಳತೆಗಳಲ್ಲಿ ಹತ್ತರಲ್ಲಿ ಒಂದು ಪಾಲು ಕಳೆಯಿರಿ; ಬಟ್ಟೆ ಹಿಗ್ಗಿ ಕಾಲನ್ನು ಹಿಡಿದುಕೊಳ್ಳಬೇಕಲ್ಲ. ಕಣಕಾಲು 28 ಸೆಂ.ಮೀ. ಇದ್ದರೆ ಬಟ್ಟೆ 25, ಅದಕ್ಕೆ ಹೊಲಿಗೆಗೆಂದು ಎರಡೂ ಬದಿ ಒಂದೊಂದು ಸೆಂಟಿಮೀಟರು ಸೇರಿಸಿ 27. ಎತ್ತರದ ಅಳತೆಯಿಂದ ಏನೂ ಕಳೆಯಬೇಡಿ. ಮೇಲೆ ಕೆಳಗೆ ಅಂಚು ಮಡಚಲು ಒಂದೂವರೆ ಸೆಂಟಿಮೀಟರು ಕೂಡಿಸಿ. ಮಾದರಿಯನ್ನು ಹಳೆಯ ವೃತ್ತಪತ್ರಿಕೆಯ ಮೇಲೆ ಕತ್ತರಿಸಿದರೆ, ಮೇಲೆ ಕಿರಿದು ಕೆಳಗೆ ಅಗಲವಾದ ಲಂಗದಂಥ ಆಕಾರ ಬರುತ್ತದೆ. ಕೆಳಂಚನ್ನು ನೇರವಾಗಿ ಬಿಡದೆ, ಮುಂದಿನ ತುದಿ ಲೇಸಿನ ಕಡೆಗೆ ಕೊಕ್ಕಿನಂತೆ ಎರಡು ಸೆಂಟಿಮೀಟರು ಇಳಿಯುವಂತೆ ಕತ್ತರಿಸಿ.

ಹೊಲಿಗೆಯ ಗೆರೆ ಹಿಂದೆ ಬರಬೇಕೋ ಮುಂದೆಯೋ ಎಂಬುದರಲ್ಲಿ ಭಿನ್ನಮತ ಇದೆ. ನನ್ನ ಮತ ಮುಂದಕ್ಕೆ. ಹಿಂದೆ ಬಂದರೆ ವೆಲ್ಕ್ರೋ ಆ ಉಬ್ಬಿನ ಮೇಲೆ ಸಮವಾಗಿ ಕೂರದೆ ಅಂಚುಗಳಿಂದ ಬಿಡಲು ಶುರುವಾಗುತ್ತದೆ. ಮುಂದೆ ಬಂದರೆ ಹುಕ್ಕನ್ನು ಆ ಗೆರೆಯೊಳಗೇ ಸೇರಿಸಿ ಗಟ್ಟಿ ಮಾಡಬಹುದು. ಒಂದೇ ತೊಡಕು: ಕಾಲು ಮಡಚುವ ಜಾಗದಲ್ಲಿ ಗೆರೆ ಚರ್ಮಕ್ಕೆ ಉಜ್ಜಬಹುದು. ಆದ್ದರಿಂದ ಗೇಟರಿನ ಮೇಲಂಚಿಗಿಂತ ಎತ್ತರದ ಕಾಲುಚೀಲ ಹಾಕಿಕೊಳ್ಳಿ.

ಟೈಲರಿಗೆ ಕೊಡುವುದಾದರೆ ಎರಡು ಮಾತು ಒತ್ತಿ ಹೇಳಿ. ಹತ್ತಿಯ ನೂಲು ಬೇಡ, ಪಾಲಿಯೆಸ್ಟರ್ ನೂಲು ಹಾಕಿ. ನೇರ ಹೊಲಿಗೆ ಬೇಡ, ಓವರ್‌ಲಾಕ್ ಅಥವಾ ಜಿಗ್‌ಜಾಗ್ ಹಾಕಿ. ನೇರ ಹೊಲಿಗೆ ಬಟ್ಟೆಯ ಜೊತೆ ಹಿಗ್ಗುವುದಿಲ್ಲ, ಶೂ ಮೇಲೆ ಎಳೆದ ಮೊದಲ ಸಲವೇ ನೂಲು ಪಟಪಟನೆ ಕಿತ್ತುಬರುತ್ತದೆ. ಮನೆಯಲ್ಲಿ ಹೊಲಿಯುವವರು ಮೊನೆ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ, 75 ಅಥವಾ 80ರ ಅಳತೆಯದು, ಕೊಳ್ಳಬೇಕು. ಚೂಪು ಸೂಜಿ ಹಿಗ್ಗುವ ಎಳೆಯನ್ನೇ ಚುಚ್ಚಿ ಕಡಿಯುತ್ತದೆ. ಆ ಗಾಯ ಅಂದು ಕಾಣುವುದಿಲ್ಲ, ನಾಲ್ಕಾರು ಓಟದ ನಂತರ ಸಾಲುಸಾಲು ತೂತಾಗಿ ಕಾಣುತ್ತದೆ.

ಹುಕ್ಕು, ವೆಲ್ಕ್ರೋ

ಬ್ಲೌಸಿನ ಹುಕ್ಕು ಇಲ್ಲಿಗೆ ಸಣ್ಣದು, ಲೇಸು ಅದರ ಬಾಯಿಗೆ ಹಿಡಿಯುವುದಿಲ್ಲ. ಒಂದು ಒಂದೂವರೆ ಸೆಂಟಿಮೀಟರಿನ ತಂತಿ ಹುಕ್ಕು ಹುಡುಕಿ. ಸಿಗದಿದ್ದರೆ ತುಕ್ಕು ಹಿಡಿಯದ ಸ್ಟೀಲ್ ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸಿಕೊಳ್ಳಬಹುದು. ಹುಕ್ಕಿನ ಬಾಯಿ ಕಾಲಿನ ಕಡೆಗೆ ತಿರುಗಿರಬೇಕು. ಬಟ್ಟೆ ಹಿಂದಕ್ಕೆ ಎಳೆದಷ್ಟೂ ಆಗ ಹುಕ್ಕು ಲೇಸನ್ನು ಇನ್ನಷ್ಟು ಕಚ್ಚುತ್ತದೆ. ಹುಕ್ಕು ಹೊಲಿಯುವ ಜಾಗದಲ್ಲಿ ಒಳಗಡೆ ಒಂದು ಗಟ್ಟಿ ಬಟ್ಟೆಯ ತುಂಡು ಇಡದಿದ್ದರೆ ಹುಕ್ಕು ಬಟ್ಟೆ ಸಮೇತ ಕಿತ್ತು ಬರುತ್ತದೆ.

ವೆಲ್ಕ್ರೋದಲ್ಲಿ ಎರಡು ಮುಖ: ಒರಟು, ಮೆತ್ತಗಿನದು. ಒರಟನ್ನು ಶೂಗೆ, ಮೆತ್ತಗಿನದನ್ನು ಗೇಟರಿಗೆ ಹಾಕಿ. ತಿರುಗಮುರುಗ ಮಾಡಿದರೆ ಒಗೆಯುವಾಗ ಒರಟು ಮುಖ ಗೇಟರಿನ ಮೈಯನ್ನೇ ಕೆರೆದು ಎಳೆ ಎಬ್ಬಿಸುತ್ತದೆ, ಜೊತೆಗಿದ್ದ ಬಟ್ಟೆಗಳದ್ದೂ ಅದೇ ಗತಿ. ಎರಡೂವರೆ ಸೆಂ.ಮೀ. ಅಗಲ, ನಾಲ್ಕು ಸೆಂ.ಮೀ. ಉದ್ದದ ತುಂಡು ಸಾಕು. ಆಲ್ಟ್ರಾ ಎಂಬ ಕಂಪನಿಯ ಹಲವು ಟ್ರೇಲ್ ಶೂಗಳಲ್ಲಿ ಹಿಮ್ಮಡಿಗೆ ವೆಲ್ಕ್ರೋ ಕೂರಿಸಿಯೇ ಕೊಡುತ್ತಾರೆ. ಬೇರೆ ಶೂ ಆದರೆ ನಾವೇ ಅಂಟಿಸಬೇಕು. ಇಡೀ ಗೇಟರ್ ವ್ಯವಹಾರದಲ್ಲಿ ಅತ್ಯಂತ ದುರ್ಬಲ ಕೊಂಡಿ ಇದು.

ಹಿಂಬದಿಗೆ ಅಂಟು ಇರುವ ವೆಲ್ಕ್ರೋ ಸಿಗುತ್ತದೆ. ಹೊಸ ಶೂಗೆ ಅದು ಚೆನ್ನಾಗಿಯೇ ಹಿಡಿಯುತ್ತದೆ, ಓಡಿ ಹಳೆಯದಾದ ಶೂಗೆ ಹಾಗೇ ಅಂಟಿಸಿದರೆ ಹಿಡಿಯದು. ಮೊದಲು ಹಿಮ್ಮಡಿಯನ್ನು ತೊಳೆದು ಒಣಗಿಸಿ, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಅಂಟಿಸಿ ಬೆರಳಲ್ಲಿ ಗಟ್ಟಿಯಾಗಿ ಒತ್ತಿ. ಒಂದು ದಿನ ಮುಟ್ಟಬೇಡಿ. ಅಂಟಿಸಿದ ಕೂಡಲೇ ಗೇಟರ್ ಹಾಕಿ ಎಳೆದು ನೋಡುವ ಆತುರವೇ ಅರ್ಧ ವೆಲ್ಕ್ರೋಗಳ ಸಾವಿಗೆ ಕಾರಣ. ಹಿಮ್ಮಡಿ ನೂಲಿನ ಜಾಲರಿಯದಾಗಿದ್ದರೆ ಫೆವಿಬಾಂಡ್‌ನಂಥ ರಬ್ಬರ್ ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಜೋಡಿಸಿ.

ಇದಕ್ಕೂ ಮೇಲಾದದ್ದು ಹೊಲಿಗೆ. ಬಸ್ ನಿಲ್ದಾಣದ ಬಳಿ ಕೊಡೆ, ಬ್ಯಾಗು, ಚಪ್ಪಲಿ ರಿಪೇರಿ ಮಾಡುತ್ತ ಕೂತಿರುವವರ ಕೈಯಲ್ಲಿ ಅಂಟೂ ಹಾಕಿಸಿ, ವೆಲ್ಕ್ರೋದ ನಾಲ್ಕೂ ಅಂಚಿಗೆ ಹೊಲಿಗೆಯೂ ಹಾಕಿಸಿ. ಹೇಳಬೇಕಾದ ಎಚ್ಚರಿಕೆ ಒಂದೇ: ದಾರ ಶೂವಿನ ಒಳಮೈಗೆ ಬರಬಾರದು. ಒಳಗೆ ಗಂಟು ಬಂದರೆ ಕಲ್ಲು ತಡೆಯಲು ಹಾಕಿದ ಗೇಟರೇ ಹಿಮ್ಮಡಿಗೆ ಬೊಬ್ಬೆ ತರುತ್ತದೆ. ಹೊರಪದರಕ್ಕಷ್ಟೇ ಹೊಲಿಯಲಾಗದು ಎಂದು ಅವರು ಹೇಳಿದರೆ ಅಂಟಿನಲ್ಲೇ ತೃಪ್ತಿಪಡಿ.

ಪಾದದಡಿ ಹಾಯುವ ಪಟ್ಟಿ ಇರುವ ಗೇಟರ್‌ಗಳೂ ಇವೆ. ಕೆಸರಿನಲ್ಲಿ ಹಿಡಿತ ಒಳ್ಳೆಯದು. ಆದರೆ ಬಂಡೆಯ ಮೇಲೆ ಆ ಪಟ್ಟಿ ಸವೆದು ತುಂಡಾಗುತ್ತದೆ. ಹಾಕಿಸಲೇಬೇಕೆಂದರೆ ಮೂರು ನಾಲ್ಕು ಮಿ.ಮೀ. ದಪ್ಪದ ಎಲಾಸ್ಟಿಕ್ ಹುರಿಯನ್ನು ಬಿಚ್ಚಿ ಬದಲಿಸಲು ಬರುವಂತೆ ಕಟ್ಟಿ, ಹೊಲಿದುಬಿಡಬೇಡಿ.

ಹೊಲಿದಾದ ಮೇಲೆ ಮನೆಯ ಮೆಟ್ಟಿಲು ಇಳಿದು ಹತ್ತಿ, ಕುಕ್ಕರುಗಾಲಲ್ಲಿ ಕೂತು ಎದ್ದು ನೋಡಿ. ಕೆಳಂಚು ಪಕ್ಕದಲ್ಲಿ ಬಾಯಿ ಬಿಟ್ಟರೆ ಅಲ್ಲಿಗೆ ಸಣ್ಣ ಎಲಾಸ್ಟಿಕ್ ಸೇರಿಸಬೇಕು. ಅರ್ಧ ಗಂಟೆಯ ನಂತರ ಬಿಚ್ಚಿದಾಗ ಕಣಕಾಲಿನ ಸುತ್ತ ಆಳವಾದ ಕೆಂಪು ಬಳೆ ಮೂಡಿದ್ದರೆ ಮೇಲಂಚು ಬಿಗಿಯಾಯಿತು. ಪಾದ ಊದುವ ದೂರದ ಓಟದಲ್ಲಿ ಆ ಬಿಗಿ ಇನ್ನೂ ಕಾಡುತ್ತದೆ. ಬಿಚ್ಚಿ ಹೊಲಿಯಿರಿ.

ಜತನ

ಗೇಟರಿನ ಆಯುಷ್ಯ ಕಳೆಯುವುದು ದಾರಿಯಲ್ಲಿ ಸ್ವಲ್ಪ, ಬಚ್ಚಲಲ್ಲಿ ಬಹಳ. ಇಲಾಸ್ಟೇನಿಗೆ ಮೂರು ಶತ್ರುಗಳು: ಬಿಸಿ, ಕ್ಲೋರಿನ್ ಬ್ಲೀಚು, ಕಡುಬಿಸಿಲು. ಬಟ್ಟೆ ಘಮಘಮಿಸಲು ಕೊನೆಯಲ್ಲಿ ಹಾಕುವ ಕಂಡಿಷನರ್ ಕೂಡ ಎಳೆಗಳ ಮೇಲೆ ಪದರ ಕಟ್ಟಿ, ಬೆವರು ಆರುವುದನ್ನು ತಡೆಯುತ್ತದೆ.

ಓಟ ಮುಗಿದಾಗ ಮೊದಲು ಮುಂದಿನ ಹುಕ್ಕು ಬಿಡಿಸಿ. ಆಮೇಲೆ ಒಂದು ಕೈಯಲ್ಲಿ ಶೂ ಮೇಲಿನ ವೆಲ್ಕ್ರೋವನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಗೇಟರನ್ನು ಮೇಲಿನಿಂದ ಕೆಳಕ್ಕೆ ಸುಲಿಯಿರಿ. ದಣಿದವರು ಒಂದೇ ಏಟಿಗೆ ಎಳೆಯುತ್ತಾರೆ, ಹತ್ತಾರು ಸಲ ಹಾಗಾದರೆ ಅಂಟು ಸಡಿಲ. ಒಣ ಮರಳು, ಧೂಳಾಗಿದ್ದರೆ ಕೊಡವಿ, ಆಮೇಲೆ ನೀರಿಗೆ ಹಾಕಿ. ಕೆಸರಾಗಿದ್ದರೆ ಒಣಗಲು ಬಿಡದೆ ಆಗಲೇ ತಣ್ಣೀರಲ್ಲಿ ಜಾಲಾಡಿ. ಎಳೆಗಳ ನಡುವೆ ಒಣಗಿದ ಗರಸು ಪ್ರತಿ ಹೆಜ್ಜೆಗೂ ಒಳಗಿನಿಂದ ಅರೆಯುತ್ತದೆ. ಒಗೆಯುವ ಕಲ್ಲಿನ ಮೇಲೆ ಕುಕ್ಕಬೇಡಿ, ಬ್ರಷ್ ಹಾಕಬೇಡಿ, ಹಿಂಡಬೇಡಿ. ಮೆದು ಸೋಪಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕೈಯಲ್ಲಿ ಹಿಚುಕಿ ಜಾಲಾಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಮೆಷಿನ್ನಿಗೆ ಹಾಕಲೇಬೇಕಾದರೆ ಬಲೆಚೀಲದಲ್ಲಿ, ತಣ್ಣೀರಿನಲ್ಲಿ. ಬಲೆಚೀಲ ಮರೆತರೆ ಹುಕ್ಕು ಯಾರದಾದರೂ ಹೊಸ ಕುರ್ತಾಕ್ಕೆ ಸಿಕ್ಕಿಕೊಂಡು, ಮನೆಯಲ್ಲಿ ಓಟದ ಬಗ್ಗೆಯೇ ತಕರಾರು ಏಳುತ್ತದೆ.

ಜಂಬಿಟ್ಟಿಗೆ ಮಣ್ಣಿನ ಕೆಂಪು ಕಲೆ ಹೋಗದು ಎಂದು ಬ್ಲೀಚು ಹಿಡಿಯುವವರಿದ್ದಾರೆ. ಆ ಕೆಂಪು ಕಬ್ಬಿಣದ ಆಕ್ಸೈಡಿನದು, ಕ್ಲೋರಿನ್ ಬ್ಲೀಚಿಗೆ ಅದು ಬಗ್ಗುವುದಿಲ್ಲ. ಬಗ್ಗುವುದು ಇಲಾಸ್ಟೇನ್ ಮಾತ್ರ. ಕಲೆ ಇರಲಿ ಬಿಡಿ, ಅಥವಾ ಮೊದಲೇ ಇಟ್ಟಿಗೆ ಬಣ್ಣದ ಬಟ್ಟೆ ಕೊಳ್ಳಿ.

ಒಣಗಿಸುವುದು ನೆರಳಲ್ಲಿ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಬಟ್ಟೆ ಹರವುವ ರೂಢಿ ಇದೆ. ಹತ್ತಿಯ ಪಂಚೆಗೆ ಅದು ಸರಿ, ಗೇಟರಿಗೆ ಬೇಡ. ತೆಳುಬಟ್ಟೆಯಾದ್ದರಿಂದ ಫ್ಯಾನಿನಡಿ ರಾತ್ರಿ ಹರವಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಇಸ್ತ್ರಿಯ ಮಾತೇ ಬೇಡ. ವೆಲ್ಕ್ರೋ ಅಂಟಿಸಿದ ಶೂವನ್ನು ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಅಂಟು ಮೆತ್ತಗಾಗಿ ಜಾರುತ್ತದೆ.

ವೆಲ್ಕ್ರೋದ ಒರಟು ಮುಖದಲ್ಲಿ ಉತ್ತರಾಣಿ ಕಾಳು, ಕೂದಲು, ಕಾಲುಚೀಲದ ನೂಲು ತುಂಬಿಕೊಳ್ಳುತ್ತವೆ. ತಮಾಷೆಯೆಂದರೆ, ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ವೆಲ್ಕ್ರೋ ಕಲ್ಪಿಸಿಕೊಂಡದ್ದೇ ತಮ್ಮ ನಾಯಿಯ ಮೈಗೆ ಅಂಟಿದ ಇಂಥ ಕಾಡುಕಾಯಿಗಳನ್ನು ನೋಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಉಳಿದದ್ದನ್ನು ಸೂಜಿಮೊನೆಯಿಂದ ಕೀಳಿ. ಹಿಡಿತ ಹೋಯಿತು ಎಂದು ಬಿಸಾಡಿದ ಬಹುಪಾಲು ವೆಲ್ಕ್ರೋಗಳಿಗೆ ಬೇಕಿದ್ದದ್ದು ಈ ಐದು ನಿಮಿಷ.

ಸೊಳ್ಳೆ, ಕೀಟ ಓಡಿಸುವ ಮುಲಾಮಿನಲ್ಲಿ ಡೀಟ್ ಇದೆಯೇ ನೋಡಿ. ಡೀಟ್ ಸ್ಪ್ಯಾಂಡೆಕ್ಸನ್ನು ಕೆಡಿಸುತ್ತದೆ. ಚರ್ಮಕ್ಕೆ ಹಚ್ಚಿ, ಪೂರ್ತಿ ಹೀರಿದ ಮೇಲೆ ಗೇಟರ್ ತೊಡಿ. ಬಟ್ಟೆಯ ಮೇಲೆ ಸಿಂಪಡಿಸಬೇಡಿ. ಪೆಟ್ರೋಲಿಯಂ ಜೆಲ್ಲಿ ಹಚ್ಚುವವರು ಅಂಚಿನ ಎಲಾಸ್ಟಿಕ್ ಮೇಲೆ ಮೆತ್ತದಂತೆ ನೋಡಿಕೊಳ್ಳಿ. ರಬ್ಬರಿಗೆ ಎಣ್ಣೆ ಜಿಡ್ಡು ಆಗದು.

ಜತನದ ಈ ನಿಯಮಗಳಿಗೆಲ್ಲ ಒಂದು ಅಪವಾದ ಉಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಮಳೆ ಮುಗಿದು ಒಣಹವೆ ಶುರುವಾದಾಗಿನಿಂದ ಬೇಸಗೆ ಕಳೆಯುವವರೆಗೆ ಅದರ ಕಾಲ. ಮಂಗ ಸತ್ತ ಸುದ್ದಿ ಇರುವ ಕಡೆ ಓಡಲು ಹೋಗಲೇಬೇಡಿ. ಮಲೆನಾಡಿನ ಉಳಿದ ಕಾಡಂಚುಗಳಲ್ಲಿ ಆ ತಿಂಗಳುಗಳಲ್ಲಿ ತಿಳಿಬಣ್ಣದ ಗೇಟರ್ ಹಾಕಿ. ಹತ್ತುತ್ತಿರುವ ಉಣುಗು ಕಣ್ಣಿಗೆ ಬೀಳುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಬಟ್ಟೆಯೆಲ್ಲ ಬಿಚ್ಚಿ ಬಿಸಿ ಸೋಪಿನ ನೀರಿಗೆ ಹಾಕಿ, ಗೇಟರನ್ನೂ ಸೇರಿಸಿ. ಅದರ ಹಿಗ್ಗು ಬೇಗ ಸತ್ತರೆ ಸಾಯಲಿ, ಇನ್ನೊಂದು ಹೊಲಿದುಕೊಳ್ಳಬಹುದು.

ರಿಪೇರಿಯ ವಿಷಯ ಚಿಕ್ಕದು. ಎಳೆ ಎದ್ದಿದ್ದರೆ ಕತ್ತರಿಸದೆ ಸೂಜಿಯಿಂದ ಒಳಮೈಗೆ ಎಳೆದುಕೊಳ್ಳಿ. ತೂತಿಗೆ ಅದೇ ಬಟ್ಟೆಯ ಚೂರನ್ನು ಒಳಗಿನಿಂದ ಇಟ್ಟು ಜಿಗ್‌ಜಾಗ್ ಹಾಕಿ. ಮೇಲಂಚು ಜಾರುತ್ತಿದ್ದರೆ ಬಟ್ಟೆಯ ಮೇಲೆ 10 ಸೆಂ.ಮೀ. ಗುರುತು ಹಾಕಿ, ಚೆನ್ನಾಗಿ ಎಳೆದು ಬಿಡಿ. ಮತ್ತೆ 10ಕ್ಕೇ ಬಂದರೆ ಮುಂದಿನ ಹೊಲಿಗೆಯನ್ನು ಅರ್ಧ ಸೆಂಟಿಮೀಟರು ಒಳಕ್ಕೆ ತಂದರೆ ಸಾಕು. ಹತ್ತೂವರೆಯಲ್ಲೇ ನಿಂತರೆ ಬಟ್ಟೆಯ ಕಾಲ ಮುಗಿದಂತೆ. ಓಟದ ನಡುವೆ ಹುಕ್ಕು ಕಿತ್ತುಬಂದರೆ ಎದೆಯ ಮೇಲಿನ ನಂಬರ್ ಚೀಟಿಯ ನಾಲ್ಕು ಪಿನ್ನುಗಳಲ್ಲಿ ಒಂದನ್ನು ತೆಗೆದು ಲೇಸಿಗೆ ಸಿಕ್ಕಿಸಿ. ಮೂರು ಪಿನ್ನಿನಲ್ಲೂ ಚೀಟಿ ನಿಲ್ಲುತ್ತದೆ.

ಬಿಸಾಡುವ ಮುನ್ನ ಹಳೆಯ ಜೋಡಿಯಿಂದ ಹುಕ್ಕು ಮತ್ತು ವೆಲ್ಕ್ರೋದ ಮೆತ್ತನೆಯ ತುಂಡು ಬಿಚ್ಚಿಟ್ಟುಕೊಳ್ಳಿ, ಎರಡೂ ಮತ್ತೆ ಹೊಲಿಯಲು ಬರುತ್ತವೆ. ವೃತ್ತಪತ್ರಿಕೆಯ ಮಾದರಿಯ ಮೇಲೆ ಯಾವ ಶೂ, ಯಾವ ಅಳತೆ, ಎಷ್ಟು ಕಳೆದದ್ದು ಎಂದು ಬರೆದು ಮಡಚಿಡಿ. ಶೂ ಬದಲಾದರೆ ಕೆಳಂಚಿನ ಅಳತೆಯನ್ನು ಮತ್ತೆ ತೆಗೆದುಕೊಳ್ಳಬೇಕು, ಮೇಲಂಚಿನದು ಹಾಗೇ ನಡೆಯುತ್ತದೆ.